ಕುರ್ಡಿ ಹಳ್ಳದ ಹದಿನೇಳನೇ ಕಲ್ಲು

ಆ ಕಲ್ಲಿನ ಮೇಲೆ ಆಸಿಡ್ಡಿನ ಎರಡು ಹನಿ ಬಿಟ್ಟೆ. ಸುರ್ ಎಂದು ನೊರೆ ಎದ್ದಿತು. ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಸುಣ್ಣದ ಅಂಶವಿರುವ ಯಾವ ಕಲ್ಲಾದರೂ ಹಾಗೆಯೇ ನೊರೆ ಬಿಡುತ್ತದೆ, ಮತ್ತು ನಾನು ಮಾನ್ವಿ ತಾಲ್ಲೂಕಿನ ಹಳ್ಳಗಳಲ್ಲಿ ಹುಡುಕುತ್ತಿದ್ದದ್ದೇ ಸುಣ್ಣದ ಗಂಟುಗಳನ್ನು. ಎರೆಮಣ್ಣಿನ ಕೆಳಗೆ ಕಡಲೆಕಾಳಿನಿಂದ ಹಿಡಿದು ಆಲೂಗಡ್ಡೆಯ ಗಾತ್ರದವರೆಗೆ ಸಿಗುವ ಆ ಬಿಳಿ ಗಂಟುಗಳು ಹೇಗೆ ಹುಟ್ಟುತ್ತವೆ ಎಂಬುದು ನನ್ನ ಪಿಎಚ್.ಡಿ.ಯ ವಿಷಯ. ಹಿರೇಕೊಟ್ನೆಕಲ್ ಕಡೆಯಿಂದ ಶುರು ಮಾಡಿ ಹದಿನಾರು ಕಡೆ ಮಾದರಿ ಎತ್ತಿದ್ದೆ. ಹದಿನೇಳನೆಯದು ಕುರ್ಡಿಯ ಒಂದು ಹೊಲದ ಅಂಚಿನಲ್ಲಿ, ಹಳ್ಳದ ದಂಡೆಯಲ್ಲಿ ಸಿಕ್ಕಿತು.

ಅದು ಗಂಟಾಗಿರಲಿಲ್ಲ. ಒಂದು ಮೊಳ ಮಣ್ಣಿನ ಕೆಳಗೆ ಗೇಣುದಪ್ಪದ ಬೂದುಬಿಳಿ ಪದರವಾಗಿ ಎರಡು ಮಾರು ಉದ್ದಕ್ಕೆ ಮಲಗಿತ್ತು. ಸುತ್ತಿಗೆಯಿಂದ ಹೊಡೆದರೆ ಠಣ್ ಎನ್ನುತ್ತಿತ್ತು. ಒಡೆದ ಮುಖಕ್ಕೆ ಭೂತಗನ್ನಡಿ ಹಿಡಿದೆ. ಒಳಗೆ ಬಸವನಹುಳುವಿನ ಚಿಪ್ಪುಗಳಿದ್ದವು. ಸುರುಳಿ ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದವು.

ರಾಯಚೂರು ಸೀಮೆಯ ತಳವೆಲ್ಲ ಗ್ರಾನೈಟು ಮತ್ತು ಅದರ ಅಣ್ಣತಮ್ಮಂದಿರು. ಜೀವಿಗಳಿಗೆ ಚಿಪ್ಪು ಬರುವುದಕ್ಕೂ ಎಷ್ಟೋ ಮುಂಚೆ ಗಟ್ಟಿಯಾದ ಕಲ್ಲುಗಳು ಅವು. ಇಲ್ಲಿಯ ನಕಾಶೆಯಲ್ಲಿ ಪಳೆಯುಳಿಕೆ ಇರುವ ಸುಣ್ಣಕಲ್ಲು ಎಂದು ಬಣ್ಣ ತುಂಬಿದ ಜಾಗ ನಾನು ನೋಡಿದ ಮಟ್ಟಿಗೆ ಇರಲಿಲ್ಲ. ಆದರೆ ಗ್ರಾನೈಟಿನ ತಗ್ಗಿನಲ್ಲಿ ಹಿಂದೆಂದೋ ಒಂದು ಕೆರೆ ನಿಂತಿದ್ದರೆ, ಅದರ ತಳದಲ್ಲಿ ಸುಣ್ಣವೂ ಸತ್ತ ಹುಳುಗಳ ಚಿಪ್ಪೂ ಕೂಡಿ ಕಲ್ಲಾಗಿದ್ದರೆ? ಹಾಗೆ ಆಗಬಾರದೆಂದೇನಿಲ್ಲ. ದಂಡೆಯ ಮೇಲೆ ಕುಳಿತು ಪುಸ್ತಕದಲ್ಲಿ "ಮಾದರಿ ೧೭, ಕೆರೆಯ ಸುಣ್ಣಕಲ್ಲು, ಚಿಪ್ಪುಗಳಿವೆ" ಎಂದು ಬರೆದೆ. ಕುಣಿದಾಡಬೇಕಿದ್ದ ಹೊತ್ತು ಅದು. ವರ್ಷವರ್ಷವೂ ಅತಿಥಿ ಉಪನ್ಯಾಸಕಿಯ ಅರ್ಜಿ ತುಂಬಿ, ಅದದೇ ಪಾಠ ಹೇಳಿ, ನನಗೆ ಖುಷಿಪಡುವುದು ಮರೆತುಹೋಗಿತ್ತು. ಬಸ್ಸಿನ ಹೊತ್ತಾಗಿದೆ ಎಂಬುದಷ್ಟೇ ತಲೆಯಲ್ಲಿತ್ತು.

ಕಂಡಕ್ಟರು ನನ್ನ ಚೀಲ ಎತ್ತಿ ನೋಡಿ, "ಏನ್ರಿ ಮೇಡಂ, ಊರಾಗ ಕಲ್ಲು ತೀರ್‍ಯಾವೇನು?" ಎಂದ. ನಗು ಬರಲಿಲ್ಲ. ರಾಯಚೂರಿನ ನಮ್ಮ ಎರಡು ಕೋಣೆಯ ಮನೆಗೆ ಬಂದು, ಬುದ್ಧನ ಪಟದ ಕೆಳಗಿನ ಕಟ್ಟೆಯ ಮೇಲೆ ಮಾದರಿಗಳನ್ನು ಸಾಲಾಗಿ ಇಟ್ಟೆ. ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಹದಿನೇಳನೆಯದನ್ನು ತಿರುಗಿಸಿ ನೋಡಿದಳು.

"ಇದೇನ ಬೇ, ಗಚ್ಚಿನ ಹೆಂಟಿ ಹೊತ್ತಗೊಂಡು ಬಂದಿ?"

ಗಚ್ಚು ಎಂದರೆ ಸಿಮೆಂಟು ಬರುವ ಮೊದಲು ಕಟ್ಟಡಕ್ಕೆ ಬಳಸುತ್ತಿದ್ದ ಸುಣ್ಣದ ಗಾರೆ. ಅವ್ವನ ತವರು ದೇವದುರ್ಗ ತಾಲ್ಲೂಕಿನಲ್ಲಿ, ಗೂಗಲ್ ಎಂಬ ಊರಿನ ಹತ್ತಿರ, ಕೃಷ್ಣೆಯ ದಂಡೆ. ಮದುವೆಯಾಗಿ ಬರುವವರೆಗೆ ಅವಳು ಸುಣ್ಣದ ಭಟ್ಟಿಯಲ್ಲಿ ದುಡಿದವಳು. ಅಂಗೈಯಲ್ಲಿ ಈಗಲೂ ಸುಣ್ಣ ತಿಂದ ಕಲೆಗಳಿವೆ.

"ಗಚ್ಚಲ್ಲ ಯವ್ವಾ, ಕಲ್ಲು. ಸಾವಿರಾರು ವರ್ಷದ್ದು. ಇದರಾಗಿನ ಹುಳ ಸತ್ತಾಗ ಮನಶ್ಯಾರು ಹೊಲಾನ ಮಾಡಿದ್ದಿಲ್ಲ," ಎಂದೆ.

"ಹೌದೇನು?" ಎಂದಳು. ಇನ್ನೊಮ್ಮೆ ತಿರುಗಿಸಿ ನೋಡಿ ಇಟ್ಟು, ರೊಟ್ಟಿಗೆ ಹೋದಳು. ಮರುದಿನ ಓಣಿಯ ಹೆಂಗಸರಿಗೆಲ್ಲ, ತನ್ನ ಮಗಳು ಸಾವಿರಾರು ವರ್ಷದ ಕಲ್ಲು ಹುಡುಕಿದ್ದಾಳೆ ಎಂದು ಹೇಳಿಕೊಂಡು ಬಂದಿದ್ದಳು.

ಸುಣ್ಣಕಲ್ಲಿನಲ್ಲಿ ಪಳೆಯುಳಿಕೆ ಗುರುತಿಸುವುದರಲ್ಲಿ ಮೊದಲ ಪಾಠ ಎಂದರೆ ಕಣ್ಣನ್ನು ನಂಬದಿರುವುದು. ನಮ್ಮ ಕಡೆ ಮನೆಮನೆಗೂ ಹಾಸಿರುವ ಶಹಾಬಾದ್ ಫರಸಿಯೂ ಸುಣ್ಣಕಲ್ಲೇ. ಅದರ ಪದರಗಳ ನಡುವೆ ಕಪ್ಪಗೆ, ಸಣ್ಣ ಗಿಡ ಒತ್ತಿಟ್ಟಂತೆ ಚಿತ್ತಾರಗಳಿರುತ್ತವೆ. ಮೊದಲ ವರ್ಷದ ವಿದ್ಯಾರ್ಥಿಗಳು ಅದನ್ನು ತಪ್ಪದೆ ಎಲೆಯ ಪಳೆಯುಳಿಕೆ ಎಂದು ಬರೆಯುತ್ತಾರೆ. ಅದು ಬಿರುಕಿನೊಳಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕಲೆ, ಜೀವಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಪ್ರತಿವರ್ಷ ಹೇಳುತ್ತಿದ್ದವಳು ನಾನೇ. ಹಾಗಾಗಿ ನನ್ನನ್ನು ಯಾವ ಕಲ್ಲೂ ಏಮಾರಿಸಲಾರದು ಎಂಬ ಧಿಮಾಕು ಒಳಗೊಳಗೇ ಇತ್ತು.

ಪ್ರಯೋಗಾಲಯದಲ್ಲಿ ಹದಿನೇಳನೆಯದನ್ನು ಗರಗಸದಿಂದ ಸೀಳಿ, ಒಂದು ಮುಖವನ್ನು ನುಣುಪು ಮಾಡಿ, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗಾಗುವವರೆಗೆ ಉಜ್ಜಿದೆ. ಎರಡು ಸಲ ಉಜ್ಜುವಾಗಲೇ ಒಡೆದುಹೋಯಿತು. ಮೂರನೆಯದು ನಿಂತಿತು. ಸೂಕ್ಷ್ಮದರ್ಶಕದಲ್ಲಿ ನುಣ್ಣನೆಯ ಸುಣ್ಣದ ಹಿನ್ನೆಲೆ, ಅದರಲ್ಲಿ ಉಸುಕಿನ ಕಣಗಳು, ಚಿಪ್ಪಿನ ಚೂರುಗಳು ಕಂಡವು. ಇವುಗಳ ಜೊತೆ ಮೂರು ಬಗೆಯ ಅತಿಥಿಗಳೂ ಇದ್ದವು. ಚೂಪು ಅಂಚಿನ ಕೆಂಪು ಚೂರುಗಳು, ಕರಿ ಚುಕ್ಕೆಗಳು, ಸುತ್ತಲಿನದರೊಂದಿಗೆ ಬೆರೆಯದೆ ಉಳಿದ ಬಿಳಿ ಉಂಡೆಗಳು.

ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಕೆಂಪು ಚೂರು ಕಬ್ಬಿಣದ ಅಂಶವಿದ್ದ ಗರಸು, ಮಳೆನೀರು ಕೆರೆಗೆ ತಂದು ಹಾಕಿದ್ದು. ಕರಿ ಚುಕ್ಕೆ ಮ್ಯಾಂಗನೀಸು. ಬಿಳಿ ಉಂಡೆ ಕೆರೆಯ ತಳದಲ್ಲಿ ಮೊದಲೇ ಗಟ್ಟಿಯಾಗಿ ಮತ್ತೆ ಒಡೆದ ಸುಣ್ಣದ ಕೆಸರು. ಒಂದೇ ಒಂದು ಸಂಗತಿ ಕಾಡಿತು. ನಿಂತ ನೀರಿನಲ್ಲಿ ಕೂತ ಚಿಪ್ಪುಗಳು ಸಾಮಾನ್ಯವಾಗಿ ಅಡ್ಡಡ್ಡ ಮಲಗಿರಬೇಕು. ಇವು ಉಪ್ಪಿಟ್ಟಿನಲ್ಲಿ ಸಾಸಿವೆ ಸಿಕ್ಕಂತೆ ಎಲ್ಲೆಂದರಲ್ಲಿ, ನಿಂತೂ, ಬೋರಲಾಗಿಯೂ ಇದ್ದವು. "ದನಗಳು ತುಳಿದಿರಬೌದು, ಕೆರಿ ದಂಡಿ ಅಲ್ಲೇನು?" ಎಂದರು ನನ್ನ ಗೈಡು. ಒಳ್ಳೆಯ ಮನುಷ್ಯ, ನಿವೃತ್ತಿಯ ಹತ್ತಿರ ಬಂದವರು, ಪದರವನ್ನು ಫೋಟೊದಲ್ಲಷ್ಟೇ ನೋಡಿದ್ದವರು. ಅದನ್ನೂ ಬರೆದುಕೊಂಡೆ.

ಮುಂದಿನ ಹೆಜ್ಜೆ ಈಗಿನ ಚಿಪ್ಪುಗಳೊಂದಿಗೆ ಹೋಲಿಸುವುದು. ಬೇಸಿಗೆಯಲ್ಲಿ ಗೂಗಲ್ಲಿಗೆ ಹೋದೆ. ನದಿ ಇಳಿದು ಉಸುಕು ಬಿಟ್ಟಿತ್ತು. ಒಂದು ಡಬ್ಬಿ ತುಂಬ ಬಸವನಹುಳುವಿನ ಚಿಪ್ಪು ಆರಿಸಿಕೊಂಡು ಬಂದಾಗ ಅವ್ವ ನೋಡಿ, "ನಾವು ಚೀಲಗಟ್ಲೆ ಆರಿಸ್ತಿದ್ದೆವು. ಮಧ್ಯಾಹ್ನಕ್ಕ ಉಸುಕು ಕಾದು ಕಾಲು ಸುಡ್ತಿದ್ದುವು," ಎಂದಳು. ಯಾವ ತಿಂಗಳಲ್ಲಿ ಹೆಚ್ಚು ಸಿಗುತ್ತಿದ್ದವು ಎಂದು ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಚೀಲಗಟ್ಟಲೆ ಆರಿಸಿ ಏನು ಮಾಡುತ್ತಿದ್ದರು ಎಂದು ಕೇಳಲಿಲ್ಲ. ನನಗೆ ಗೊತ್ತಿತ್ತಲ್ಲ, ಸುಣ್ಣಕ್ಕೆಂದು ಭಟ್ಟಿಯಲ್ಲಿ ಸುಡುತ್ತಿದ್ದರು. ಗೊತ್ತಿದ್ದದ್ದನ್ನು ಯಾರಾದರೂ ಯಾಕೆ ಕೇಳುತ್ತಾರೆ?

ಎರಡೂ ಬಗೆಯ ಚಿಪ್ಪನ್ನು ಪುಡಿ ಮಾಡಿ ಎಕ್ಸ್-ರೇ ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದೆ. ವರದಿ ಬರಲು ತಿಂಗಳುಗಳೇ ಹಿಡಿದವು. ಬಂದಾಗ ನನ್ನ ನಾಲ್ಕನೇ ಅಧ್ಯಾಯ ಎದ್ದು ನಿಂತಿತು. ಚಿಪ್ಪಿನ ಸುಣ್ಣ ಹುಳು ಬದುಕಿದ್ದಾಗ ಅರಗೊನೈಟ್ ಎಂಬ ರೂಪದಲ್ಲಿರುತ್ತದೆ. ಮಣ್ಣಲ್ಲಿ ಹೂತು ಬಹಳ ಕಾಲ ಕಳೆದರೆ ಅದು ನಿಧಾನಕ್ಕೆ ಕ್ಯಾಲ್ಸೈಟ್ ಆಗುತ್ತದೆ. ಗೂಗಲ್ಲಿನ ಚಿಪ್ಪು ಅರಗೊನೈಟ್, ಕುರ್ಡಿಯ ಕಲ್ಲಿನೊಳಗಿನ ಚಿಪ್ಪು ಬಹುಪಾಲು ಕ್ಯಾಲ್ಸೈಟ್. ಅಂದಮೇಲೆ ಕುರ್ಡಿಯದು ಹಳೆಯದು, ಬಹಳ ಹಳೆಯದು. ವಿಭಾಗದ ಸೆಮಿನಾರಿನಲ್ಲಿ ಇದನ್ನು ತೋರಿಸಿದಾಗ ಚಪ್ಪಾಳೆ ಬಿತ್ತು. ಉಳಿದ ಅಧ್ಯಾಯಗಳು ಸಾಧಾರಣ, ಇದೊಂದೇ ಪ್ರಬಂಧವನ್ನು ದಾಟಿಸುತ್ತದೆ ಎಂದು ಎಲ್ಲರೂ ಹೇಳಿದರು. ನನ್ನ ಅವಧಿಗೆ ಕೊನೆಯ ವಿಸ್ತರಣೆ ಸಿಕ್ಕಾಗಿತ್ತು. ಅದು ಮುಗಿಯುವುದರೊಳಗೆ ಸಲ್ಲಿಸಿದರೆ ಡಾಕ್ಟರು, ಇಲ್ಲವಾದರೆ ಅಷ್ಟೂ ವರ್ಷ ನೀರಿನಲ್ಲಿ ಹೋಮ.

ಆ ಕಲ್ಲು ಸಿಕ್ಕು ನಾಲ್ಕು ವರ್ಷವಾಗಿ, ಸಲ್ಲಿಸಲು ಆರು ವಾರ ಇರುವಾಗ ಕುರ್ಡಿಯ ಆ ಹೊಲದ ಒಡತಿ ಫೋನು ಮಾಡಿದರು. ಹೋದಾಗಲೆಲ್ಲ ನನಗೆ ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದ ಹೆಣ್ಣುಮಗಳು.

"ಮೇಡಂರೀ, ಜೋರು ಮಳಿ ಆಗಿ ಹಳ್ಳದ ದಂಡಿ ಕುಸದು ಬಿದ್ದದ. ನಿಮ್ಮ ಕಲ್ಲು ಪೂರಾ ಹೊರಗ ಕಾಣಾಕತ್ತದ. ಬಂದು ನೋಡಿ ಹೋಗ್ರಿ."

ಒಳ್ಳೆಯದೇ ಆಯಿತು ಎಂದುಕೊಂಡೆ. ಪದರ ಎಲ್ಲಿಯವರೆಗೆ ಹಬ್ಬಿದೆ ಎಂಬ ಅಳತೆ ನನ್ನ ನಕಾಶೆಯಲ್ಲಿ ಖಾಲಿ ಉಳಿದಿತ್ತು. ಟೇಪು, ಕ್ಯಾಮೆರಾ, ಆಸಿಡ್ಡಿನ ಬಾಟಲಿ ಹಿಡಿದು ಮೊದಲ ಬಸ್ಸಿಗೆ ಹೊರಟೆ.

ಹಳ್ಳಕ್ಕೆ ಇಳಿದು ಟೇಪಿನ ತುದಿಯನ್ನು ಒಂದು ಕಲ್ಲಿನ ಕೆಳಗೆ ಒತ್ತಿಟ್ಟು ಅಳೆಯುತ್ತ ಹೋದೆ. ಎರಡು ಮಾರು, ಮೂರು, ನಾಲ್ಕು. ಅಲ್ಲಿ ಪದರ ತಿರುಗಿತು. ಬಾಗಲಿಲ್ಲ, ತಿರುಗಿತು, ಗೋಡೆ ತಿರುಗುವಂತೆ. ಟೇಪು ಕೆಳಗಿಟ್ಟು ನೋಡಿದೆ. ತಿರುಗಿದ ಕಡೆ ಪದರದಿಂದ ಗೇಣೆತ್ತರದ ಒಂದು ಅಂಚು ನೆಟ್ಟಗೆ ಮೇಲೆದ್ದಿತ್ತು, ಮುರಿದ ಗೋಡೆಯ ಬುಡದ ಹಾಗೆ. ಅದರ ಹೊರಬದಿಗೆ ಎರಡು ಇಟ್ಟಿಗೆಗಳು ಕಚ್ಚಿಕೊಂಡಿದ್ದವು. ಕೆರೆಗೆ ಮೂಲೆ ಇರುವುದಿಲ್ಲ.

ಒಳಬದಿಯ ಮಣ್ಣನ್ನು ಕೈಯಿಂದ ಒರೆಸಿದೆ. ಅಲ್ಲಿ ನಾಲ್ಕು ಗೆರೆಗಳಿದ್ದವು, ಪಕ್ಕಪಕ್ಕ, ಸ್ವಲ್ಪ ಬಾಗಿದವು. ಅರ್ಥವಾಗಲು ತಡವಾಗಲಿಲ್ಲ. ಯಾರೋ ಹಸಿ ಗಚ್ಚನ್ನು ಬೆರಳಿನಿಂದ ಸವರಿದ್ದರು.

ಏನೂ ಅನ್ನಿಸಲಿಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ಹೇಗಿರುತ್ತದೋ ಹಾಗಿದ್ದೆ. ಹಿಂದೆ ಬಂದು ನಿಂತಿದ್ದ ಹೊಲದ ಒಡತಿಯನ್ನು, "ಅಕ್ಕಾರ, ಇಲ್ಲಿ ಮೊದಲ ಏನರೆ ಕಟ್ಟಿದ್ರೇನ್ರಿ?" ಎಂದು ಕೇಳಿದೆ.

"ದನಕ್ಕ ನೀರು ಕುಡಿಸೊ ತೊಟ್ಟಿ ಇತ್ತಂತ್ರಿ. ನಮ್ಮತ್ತಿ ಹೇಳ್ತಿದ್ದಳು. ಬಾಜೂಕ ಬಾವಿ ಇತ್ತು, ಅದೂ ಮುಚ್ಚಿ ಹೋತು."

"ನನಗ ಇಷ್ಟು ದಿನ ಯಾಕ ಹೇಳಲಿಲ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವು ಕೇಳಿದ್ದು ಕಲ್ಲಿಂದು. ತೊಟ್ಟಿದು ಕೇಳಿದ್ದಿಲ್ಲಲ್ರಿ."

ಆದರೂ ಪರೀಕ್ಷೆ ಪರೀಕ್ಷೆಯೇ. ಒಂದು ತುಂಡನ್ನು ಕುಟ್ಟಿ, ಕರಿ ಚುಕ್ಕೆಗಳನ್ನು ಚಿಮಟದಿಂದ ಆರಿಸಿ ಕಾಗದದ ಮೇಲೆ ಕೂಡಿಸಿದೆ. ಅವರ ಮನೆಯ ಒಲೆಯಲ್ಲಿ ಕೆಂಡವಿತ್ತು. ಕಬ್ಬಿಣದ ಸೌಟಿನಲ್ಲಿ ಆ ಚುಕ್ಕೆಗಳನ್ನು ಹಾಕಿ ಕೆಂಡದ ಮೇಲೆ ಹಿಡಿದೆ. ಮ್ಯಾಂಗನೀಸಾಗಿದ್ದರೆ ಕಾಯಿಸಿದರೂ ಕರ್‍ರಗೆ ಕೂತಿರಬೇಕು. ಇವು ಒಂದೊಂದಾಗಿ ಕೆಂಪಗೆ ಹೊತ್ತಿಕೊಂಡು, ಚಿಟಿಕೆ ಬೂದಿಯಾದವು. ಇದ್ದಿಲು. ಭಟ್ಟಿಯ ಇದ್ದಿಲು ಸುಣ್ಣದ ಜೊತೆ ಬಂದು ಗಚ್ಚಿನಲ್ಲಿ ಸೇರಿತ್ತು. ಕೆಂಪು ಚೂರು ಇಟ್ಟಿಗೆ. ಬಿಳಿ ಉಂಡೆ ಸರಿಯಾಗಿ ಅರೆಯದೆ ಉಳಿದ ಸುಣ್ಣ. ಚಿಪ್ಪುಗಳು ಎಲ್ಲೆಂದರಲ್ಲಿ ನಿಂತದ್ದು ಸಲಿಕೆಯಿಂದ ಕಲಸಿದ್ದಕ್ಕೆ. ಇನ್ನು ನನ್ನ ಹೆಮ್ಮೆಯ ಕ್ಯಾಲ್ಸೈಟ್? ಅರಗೊನೈಟನ್ನು ಕಾಲ ಮಾತ್ರವಲ್ಲ, ಬಿಸಿಯೂ ಕ್ಯಾಲ್ಸೈಟ್ ಮಾಡುತ್ತದೆ ಎಂಬುದು ಪಠ್ಯಪುಸ್ತಕದಲ್ಲೇ ಇದೆ. ಭಟ್ಟಿಯಲ್ಲಿ ಅರೆಬೆಂದ ಚಿಪ್ಪನ್ನು ನಾನು ಸಾವಿರಾರು ವರ್ಷ ಹಳೆಯದು ಎಂದು ಓದಿದ್ದೆ.

ಬೆರಳಿನ ಗೆರೆಗಳಿದ್ದ ಅಂಚು ಮಳೆಗೆ ಸಡಿಲವಾಗಿತ್ತು. ಇನ್ನೊಂದು ಮಳೆಗೆ ಅದು ಹಳ್ಳದ ಪಾಲು. ಫೋಟೊ ತೆಗೆದು, ಅಳತೆ ಬರೆದುಕೊಂಡು, ಹೊಲದ ಒಡತಿಯನ್ನು ಕೇಳಿ, ಅಂಗೈಯಗಲದ ಆ ತುಂಡನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಗೈಡಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನೋಡವ್ವಾ, ಕುರ್ಡಿಗೆ ಯಾರು ಹೋಗಿ ಅಗೀತಾರ? ದಂಡಿ ಕುಸದದ, ನಾಳಿ ಅದೂ ಕೊಚ್ಚಿಕೊಂಡು ಹೋಗ್ತದ. ಕೆರಿ ಸುಣ್ಣಕಲ್ಲು ಅನ್ನೋ ಮಾತಿನ ಹಿಂದ 'ಸಂಭವನೀಯ' ಅಂತ ಒಂದು ಶಬ್ದ ಹಾಕು. ಸುಳ್ಳೂ ಆಗಂಗಿಲ್ಲ, ಕೆಲಸಾನೂ ಕೆಡಂಗಿಲ್ಲ."

"ಅದು ತೊಟ್ಟಿ ಸರ್."

"ನನಗ ಗೊತ್ತಾತವ್ವಾ. ನಾ ಹೊಂಟಾಂವ, ನಾಳೆಯಿಂದ ನನ್ನ ಮಾತು ಇಲ್ಲಿ ನಡ್ಯಂಗಿಲ್ಲ. ನಿಂದು ಮುಗಿಸಿ ಹೋಗಬೇಕಂತದ, ಅದಕ್ಕ ಹೇಳಾಕತ್ತೀನಿ. ಈ ಅಧ್ಯಾಯ ತೆಗದ್ರ ಉಳಿದಿದ್ದರ ಮ್ಯಾಲೆ ಕಮಿಟಿ ಪಾಸು ಮಾಡಂಗಿಲ್ಲ. ಯೋಚನಿ ಮಾಡು."

ಅವರ ಮೇಲೆ ಸಿಟ್ಟು ಬರಲಿಲ್ಲ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಆ ಶಬ್ದವನ್ನು ಹಾಕಿಯೂ ಬಿಟ್ಟೆ. ಹನ್ನೊಂದು ಕಡೆ ಹಾಕಬೇಕಾಯಿತು. ಹಾಕಿದ ಮೇಲೆ ವಾಕ್ಯಗಳು ಮೊದಲಿಗಿಂತ ಗಂಭೀರವಾಗಿಯೇ ಕಾಣುತ್ತಿದ್ದವು. ಎರಡು ದಿನ ಉಂಡೆ, ಮಲಗಿದೆ, ಪಾಠ ಹೇಳಿದೆ. ಅವ್ವ ಮೈಯಲ್ಲಿ ಹುಷಾರಿಲ್ಲವೇನು ಎಂದು ಕೇಳಿದಳು, ಹಾಗೇನಿಲ್ಲ ಎಂದೆ.

ಮೂರನೆಯ ದಿನ ಕಾಲೇಜಿನಲ್ಲಿ ಮೊದಲ ವರ್ಷದವರ ಪ್ರಾಕ್ಟಿಕಲ್ ರೆಕಾರ್ಡು ತಿದ್ದುತ್ತಿದ್ದೆ. ಶಹಾಬಾದ್ ಫರಸಿಯ ಚಿತ್ತಾರಕ್ಕೆ ಎಲ್ಲರೂ ಎಂದಿನಂತೆ ಎಲೆಯ ಪಳೆಯುಳಿಕೆ ಎಂದು ಬರೆದಿದ್ದರು. ಒಂದೊಂದರಲ್ಲೂ ಕೆಂಪು ಪೆನ್ನಿನಿಂದ ಹೊಡೆದು, "ಆಕಾರ ಕಂಡ ಮಾತ್ರಕ್ಕೆ ಪಳೆಯುಳಿಕೆ ಎನ್ನಬಾರದು" ಎಂದು ಬರೆಯುತ್ತ ಹೋದೆ. ಒಬ್ಬಳು ಜಾಣೆ, "ಸಂಭವನೀಯ ಎಲೆ" ಎಂದು ಬರೆದಿದ್ದಳು. ಪೆನ್ನು ಅಲ್ಲೇ ನಿಂತಿತು. ಅವಳಿಗೆ ನಿಜ ಗೊತ್ತಿರಲಿಲ್ಲ, ಅದಕ್ಕೇ ಹಾಗೆ ಬರೆದಿದ್ದಳು. ನನಗೆ ಗೊತ್ತಿತ್ತು. ರೆಕಾರ್ಡುಗಳನ್ನು ಮುಗಿಸಿ, ಅದೇ ಮೇಜಿನ ಮೇಲೆ ಬಿಳಿ ಹಾಳೆ ತೆಗೆದು, ನಾಲ್ಕನೇ ಅಧ್ಯಾಯವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆಂದೂ ಅದರಲ್ಲಿ ಕೆರೆಯ ಸುಣ್ಣಕಲ್ಲು ಎಂದು ವಿವರಿಸಿದ್ದು ಮನುಷ್ಯರು ಮಾಡಿದ ಗಚ್ಚು ಎಂದೂ ಬರೆದೆ. ಕಾರಣಗಳನ್ನು ಒಂದೊಂದಾಗಿ ಕೊಟ್ಟೆ, ಸೌಟಿನ ಪರೀಕ್ಷೆಯನ್ನೂ ಬಿಡಲಿಲ್ಲ.

ಕಮಿಟಿ ಗೈಡು ಹೇಳಿದಂತೆಯೇ ಮಾಡಿತು. ಉಳಿದದ್ದು ಸಾಲದು, ಬೇಕಾದರೆ ಹೊಸದಾಗಿ ನೋಂದಣಿ ಮಾಡಿಸಿಕೊಳ್ಳಬಹುದು ಎಂದು ಒಂದು ಪುಟದ ಪತ್ರ ಬಂತು. ಅದನ್ನು ಓದಿ ಮಡಚಿ ಚೀಲದಲ್ಲಿಟ್ಟುಕೊಂಡು, ದಾರಿಯಲ್ಲಿ ಕೊತ್ತಂಬರಿ ಕೊಂಡು ಮನೆಗೆ ಬಂದೆ. ಆಗಲೂ ಏನೂ ಅನ್ನಿಸಲಿಲ್ಲ.

ಹದಿನೇಳನೇ ಮಾದರಿಯ ದೊಡ್ಡ ತುಂಡು ಪ್ರಯೋಗಾಲಯದಿಂದ ವಾಪಸು ತಂದಾಗಿನಿಂದ ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಆನಿಕೆಯಾಗಿ ಕೂತಿತ್ತು. ಅವ್ವ ಅದರ ಪಕ್ಕ ಕುಳಿತು ಅಕ್ಕಿ ಆರಿಸುತ್ತಿದ್ದಳು. ನಾನೂ ಹೊಸ್ತಿಲ ಮೇಲೆ ಕುಳಿತೆ.

"ಯವ್ವಾ, ಅದು ಗಚ್ಚ. ನೀ ಹೇಳಿದ್ದು ಖರೆ."

ಅವಳು ಮೊರ ಕೆಳಗಿಟ್ಟಳು. "ಯಾರು ಹೇಳಿದ್ರು?"

"ಯಾರು ಹೇಳಬೇಕು? ನಾನ ನೋಡಿ ಬಂದೆ. ದನದ ತೊಟ್ಟಿ ಅದು."

ಅವ್ವ ಕಲ್ಲನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದು ಚಿಪ್ಪನ್ನು ಉಗುರಿನಿಂದ ಕೆರೆದಳು. "ನೋಡಿಲ್ಲಿ, ಬೆಂದಿಲ್ಲ. ಭಟ್ಟಿ ಅಂಚಿಗೆ ಬಿದ್ದಿದ್ದು ಹಿಂಗಾ ಅರೆಬರೆ ಉಳೀತದ. ಉರಿ ಅಲ್ಲಿ ಪೂರಾ ಮುಟ್ಟಂಗಿಲ್ಲ. ಅದನ್ನ ಆರಿಸಿ ತೆಗೀಬೇಕಾಗಿತ್ತು, ತೆಗದಿಲ್ಲ ಕಳ್ಳರು."

"ಇಷ್ಟು ಗೊತ್ತಿದ್ದಾಕಿ ಒಮ್ಮೆ ಅಂದು ಯಾಕ ಸುಮ್ಮನಾದಿ? ನಾಕು ವರ್ಷ ಆತಲ್ಲಬೇ."

"ನೀ ಓದಿದಾಕಿ," ಎಂದಳು. "ಕಲ್ಲು ಅಂದಿ. ನಾ ಎಂಟು ವರ್ಷ ಗಚ್ಚು ಹೊತ್ತೀನಿ, ಆದ್ರೂ ನನಗ ಮರತಿರಬೇಕು ಅನ್ಕೊಂಡೆ. ಈ ಬಾಗಲಾ ಹಾಕುವಾಗೆಲ್ಲ ಕೈಗೆ ಗಚ್ಚು ಅನಸ್ತಿತ್ತು. ಕೈಗೇನು ಗೊತ್ತಾಗ್ತದ ಅಂತ ಬಿಟ್ಟೆ."

ಪತ್ರ ಓದಿದಾಗ ಬಾರದ ಅಳು ಆಗ ಬಂತು. ಡಿಗ್ರಿಗಾಗಿ ಬಂದದ್ದಲ್ಲ. ಅವಳ ಕೈಯನ್ನು ಅವಳೇ ನಂಬದ ಹಾಗೆ ಮಾಡಿ, ನಾಲ್ಕು ವರ್ಷ ಅದೇ ಮನೆಯಲ್ಲಿ ಅವಳು ಬಡಿದ ರೊಟ್ಟಿ ತಿಂದಿದ್ದೆ. ನಾಚಿಕೆಯಾಯಿತು. ಅವ್ವ ಸೆರಗು ಮುಂದೆ ಮಾಡಿದಳು.

ಮುಖ ಒರೆಸಿಕೊಂಡು ಒಳಗೆ ಹೋಗಿ, ಟವೆಲಿನಲ್ಲಿ ಸುತ್ತಿಟ್ಟಿದ್ದ ತುಂಡನ್ನು ತಂದು ಅವಳ ಮುಂದಿಟ್ಟೆ. "ಇದನ್ನ ನೋಡು ಯವ್ವಾ. ಏನು ಕಾಣ್ತದ ಹೇಳು."

ಅವಳು ಬೆಳಕಿಗೆ ಹಿಡಿದಳು. ಮೇಲೆ ಕೆಳಗೆ ಮಾಡಿ, ಗಚ್ಚು ಯಾವ ಕಡೆ ಕೂಡಿದೆ, ಎಲ್ಲಿ ತೆಳುವಾಗಿದೆ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಬಲಗೈಯ ನಾಲ್ಕು ಬೆರಳನ್ನು ಆ ನಾಲ್ಕು ಗೆರೆಗಳಲ್ಲಿ ಇಟ್ಟಳು. ಕೂಡಲಿಲ್ಲ. ಕೈ ತೆಗೆದು ಎಡಗೈ ಇಟ್ಟು, ಮೆಲ್ಲಗೆ ತನ್ನ ಕಡೆಗೆ ಎಳೆದಳು. ಅವಳ ಸಣ್ಣ ಬೆರಳುಗಳು ಗೆರೆಗಳಲ್ಲಿ ಸರಿಯಾಗಿ ಕೂತು, ಗೆರೆಯಗುಂಟ ತುದಿಯವರೆಗೆ ಹೋದವು.

"ಹೆಣ್ಮಗಳು," ಎಂದಳು ಅವ್ವ. "ಎಡಗೈಯಾಕಿ."

ನಾನು ಪುಸ್ತಕ ತೆಗೆದು, ಹದಿನೇಳನೇ ಮಾದರಿಯ ಮುಂದೆ ಬರೆದದ್ದನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಬರೆದುಕೊಂಡೆ.